ಎಂಟರ ಜಾಗಕ್ಕೆ ಹನ್ನೆರಡರ ಪೈಪು

ನನಗೆ ಈಗ ಮೂವತ್ತೆರಡು. ನಾನು ನಿವೃತ್ತ. ನಗಬೇಡಿ, ನಿಜವನ್ನೇ ಹೇಳುತ್ತಿದ್ದೇನೆ. ಸರ್ಕಾರಿ ನೌಕರರಿಗೆ ಅರವತ್ತಕ್ಕೆ ಹಾರ, ಶಾಲು, ಹಣ್ಣಿನ ಬುಟ್ಟಿ ಕೊಟ್ಟು ಕಳಿಸುತ್ತಾರೆ. ನನ್ನನ್ನು ಮಾತ್ರ ನನ್ನ ಕಸುಬೇ ಬಿಟ್ಟು ಹೋಯಿತು. ಪೆಟ್ರೋಲ್ ಟ್ಯಾಂಕಿನಿಂದ ಇಂಜಿನ್‌ಗೆ ಹೋಗುವ ಪೈಪು ಎಷ್ಟು ದಪ್ಪ ಇರಬೇಕು ಅಂತ ಲೆಕ್ಕ ಹಾಕಿ ಕೂರಿಸುವುದು ನನ್ನ ಕೆಲಸ. ಬಳ್ಳಾರಿಯ ಸಿರುಗುಪ್ಪ ರಸ್ತೆಯಲ್ಲಿ ಖಾದರ್ ಚಾಚಾ ಅವರ ಗ್ಯಾರೇಜಿನಲ್ಲಿ ಎಂಟು ವರ್ಷ ಮಾಡಿದೆ. ಈಗಿನ ಕಾರುಗಳಿಗೆ ಪೈಪು ಕಾರ್ಖಾನೆಯಿಂದಲೇ ಬರುತ್ತದೆ. ಟಕ್ ಅಂತ ಒತ್ತಿದರೆ ಕೂಡುತ್ತದೆ, ಟಕ್ ಅಂತ ಬಿಡುತ್ತದೆ, ಸೈಜು ಕೇಳುವ ಗಿರಾಕಿಯೇ ಇಲ್ಲ. ಬ್ಯಾಟರಿ ಗಾಡಿಗಳಿಗಂತೂ ಪೈಪೇ ಇಲ್ಲ. ಚಾಚಾ ಗ್ಯಾರೇಜ್ ಮುಚ್ಚಿದರು, ನಾನು ಬ್ಯಾಟರಿ ಸ್ಕೂಟರ್ ರಿಪೇರಿಗೆ ಕೂತೆ.

ಆದರೂ ಹಳೆಯ ಜೀಪು, ಹಳೆಯ ಕಾರು ಕೊಂಡು ತಾವೇ ಬಿಚ್ಚಿ ಜೋಡಿಸುವ ಹುಡುಗರು ಇದ್ದಾರೆ. ದಿನಕ್ಕೊಬ್ಬರಾದರೂ ಫೋನಿಗೆ ಬರೆಯುತ್ತಾರೆ, "ಅಣ್ಣಾ, ಪವರ್ ಹೆಚ್ಚಬೇಕು, ಎಷ್ಟರ ಪೈಪ್ ಹಾಕ್ಲಿ?" ಅವರಿಗೆ ಬೇಕಾದದ್ದು ಒಂದೇ ಒಂದು ಅಂಕಿ. ನಾನು ಅಂಕಿ ಕೊಡುವುದಿಲ್ಲ, ಮಲ್ಲಣ್ಣನ ಕತೆ ಹೇಳುತ್ತೇನೆ. ನಾನು ಹಾಕಿದ ಒಂದು ಪೈಪಿನಿಂದ ಆ ಮನುಷ್ಯ ಹದಿನೆಂಟು ವರ್ಷದ ಕೆಲಸವನ್ನೂ ಹೆಸರನ್ನೂ ಕಳೆದುಕೊಳ್ಳುವುದರಲ್ಲಿದ್ದ.

ಮೊದಲು ನನ್ನ ವಿದ್ಯೆಯ ಬಗ್ಗೆ ಹೇಳಿಬಿಡುತ್ತೇನೆ. ಊರು ತೆಕ್ಕಲಕೋಟೆ. ಡಿಪ್ಲೊಮಾವನ್ನು ಎರಡನೇ ವರ್ಷಕ್ಕೆ ನಾನು ಬಿಟ್ಟೆ, ಅದು ನನ್ನನ್ನು ಮೊದಲನೇ ವರ್ಷಕ್ಕೇ ಬಿಟ್ಟಿತ್ತು. ಕಲಿತದ್ದೆಲ್ಲ ಫೋನಿನಲ್ಲಿ. ಯಾವುದೋ ದೇಶದ ಗಡ್ಡದವನೊಬ್ಬ ನಮ್ಮ ಅಡುಗೆಮನೆಗಿಂತ ಸ್ವಚ್ಛವಾದ ಶೆಡ್ಡಿನಲ್ಲಿ ನಿಂತು ರೇಸ್ ಕಾರುಗಳಿಗೆ ಪೈಪ್ ಹಾಕುತ್ತಿದ್ದ. ಅವನು ಹೇಳಿದ್ದರಲ್ಲಿ ಅರ್ಧ ನನಗೆ ಅರ್ಥವಾಗುತ್ತಿತ್ತು, ಉಳಿದರ್ಧ ನಾನೇ ತುಂಬಿಕೊಳ್ಳುತ್ತಿದ್ದೆ. ತೊಂದರೆ ಏನೆಂದರೆ, ಯಾವ ಅರ್ಧ ಅವನದು, ಯಾವ ಅರ್ಧ ನನ್ನದು ಅಂತ ಆಮೇಲೆ ನೆನಪಿರುತ್ತಿರಲಿಲ್ಲ.

ಗ್ಯಾರೇಜು ಸೇರಿದ ಮೊದಲ ತಿಂಗಳೇ ಒಂದು ಎಡವಟ್ಟು. ಒಂದು ಟ್ಯಾಕ್ಸಿಯ ರಬ್ಬರ್ ಪೈಪು ಒಡೆದಿತ್ತು. ಅದು ಎಂಟು ಎಂಎಂ. ಗಟ್ಟಿ ಇರಲಿ ಅಂತ ನಾನು ಎಂಟು ಎಂಎಂ ತಾಮ್ರದ ಪೈಪು ತಂದು ಕೂರಿಸಿದೆ. ಟ್ಯಾಕ್ಸಿ ಪೇಟೆಯಲ್ಲಿ ಚೆನ್ನಾಗಿಯೇ ಓಡಿತು. ಕೋಟೆ ಗುಡ್ಡದ ಏರಿಗೆ ಬಂದಾಗ ಉಬ್ಬಸ ಹಿಡಿದವರ ಹಾಗೆ ಕೆಮ್ಮಿ ನಿಂತಿತು. ರಬ್ಬರ್ ಪೈಪನ್ನು ಒಳಗಿನ ಅಳತೆಯಲ್ಲಿ ಮಾರುತ್ತಾರೆ, ಲೋಹದ್ದನ್ನು ಹೊರಗಿನ ಅಳತೆಯಲ್ಲಿ. ನನ್ನ ತಾಮ್ರದ ಪೈಪಿನ ಒಳಗೆ ಇದ್ದದ್ದು ಆರೇ. ಏರಿನಲ್ಲಿ ಇಂಜಿನ್ ಕೇಳಿದಷ್ಟು ಪೆಟ್ರೋಲ್ ಆ ತೂತಿನಲ್ಲಿ ಬರಲಿಲ್ಲ.

ಚಾಚಾ ಬೈಯಲಿಲ್ಲ. ಪೈಪನ್ನು ಕಣ್ಣಿಗೆ ಹಿಡಿದು ದುರ್ಬೀನಿನಂತೆ ನನ್ನನ್ನೇ ನೋಡಿದರು. "ಕೋಟ್ ಮ್ಯಾಲಿಂದ ಅಳತಿ ತಗೊಂಡ್ರ ಎಲ್ರೂ ಪೈಲ್ವಾನರಲೇ. ಒಳಗ ಮನಷ್ಯಾ ಎಷ್ಟು ಅದಾನ, ಅದು ನೋಡು," ಎಂದರು.

ಆ ಅವಮಾನದಿಂದ ನಾನು ಕಲಿತದ್ದು ತಪ್ಪು ಪಾಠ. ಪೈಪು ಸಣ್ಣದಾದರೆ ಮರ್ಯಾದೆ ಹೋಗುತ್ತದೆ, ದಪ್ಪವಾದರೆ ಏನೂ ಆಗುವುದಿಲ್ಲ ಅಂತ ತಲೆಯಲ್ಲಿ ಕೂತುಬಿಟ್ಟಿತು. ಆ ಹೊತ್ತಿಗೆ ಸರಿಯಾಗಿ ಚನ್ನಬಸಪ್ಪ ಸಾಹುಕಾರ್ರು ಬಂದರು.

ಸಾಹುಕಾರ್ರದು ಸಿರುಗುಪ್ಪದಲ್ಲಿ ಅಕ್ಕಿ ಗಿರಣಿ, ದೇಶನೂರಿನಲ್ಲಿ ಗದ್ದೆ. ಕಾಲುವೆ ಸೀಮೆಯ ಜನರಿಗೆ ಒಂದು ಅಭ್ಯಾಸ ಇದೆ, ನಾನೂ ಅಲ್ಲಿಯವನೇ ಆದ್ದರಿಂದ ಧೈರ್ಯವಾಗಿ ಹೇಳುತ್ತೇನೆ. ಅವರಿಗೆ ಲೋಕದಲ್ಲಿ ಇರುವುದು ಎರಡೇ ಅಳತೆ. ಮೋಟರಿನ ಎಚ್‌ಪಿ, ಪೈಪಿನ ಇಂಚು. ಬೀಗರ ಮನೆ ದೊಡ್ಡದೋ ಸಣ್ಣದೋ ಅನ್ನುವುದನ್ನೂ ಗದ್ದೆಗೆ ಎಷ್ಟಿಂಚಿನ ಪೈಪು ಹಾಕಿದ್ದಾರೆ ಅಂತ ನೋಡಿ ಹೇಳುತ್ತಾರೆ. ಸಾಹುಕಾರ್ರ ಬಳಿ ಒಂದು ಹಳೆಯ ಪೆಟ್ರೋಲ್ ಜೀಪು ಇತ್ತು. ಟ್ಯಾಂಕು ಡ್ರೈವರ್ ಸೀಟಿನ ಕೆಳಗೆ, ಪೆಟ್ರೋಲ್ ಎಳೆಯುವ ಪಂಪು ಇಂಜಿನ್ ಪಕ್ಕದಲ್ಲಿ, ನಡುವೆ ಎಂಟು ಎಂಎಂ ಪೈಪು. ಅದನ್ನು ಓಡಿಸುತ್ತಿದ್ದವನು ಮಲ್ಲಣ್ಣ, ದೇಶನೂರಿನವನು. ಮಾತು ಕಡಿಮೆ. ಗಾಡಿ ನಿಲ್ಲಿಸಿದ ಮೇಲೆ ಬಾನೆಟ್ ಮೇಲೆ ಅಂಗೈ ಇಟ್ಟು ಬಿಸಿ ನೋಡುವುದು ಅವನ ರೂಢಿ.

"ಏರಿನ್ಯಾಗ ದಮ್ ಕಮ್ಮಿ ಆಗೈತಿ," ಎಂದರು ಸಾಹುಕಾರ್ರು. "ಎಷ್ಟರ ಪೈಪ್ ಐತಿ ಇದಕ್ಕ?"

"ಎಂಟು ಎಂಎಂ ರೀ."

"ಇಂಚಿನ್ಯಾಗ ಹೇಳೋ ಮಾರಾಯ."

"ಇಂಚಿನ ಮೂರನೇ ಒಂದು ಪಾಲು ಅಂತ ತಿಳ್ಕೋರಿ."

ಅವರು ಮಲ್ಲಣ್ಣನ ಕಡೆ ತಿರುಗಿದರು. "ನೋಡಿದೇನು, ಮೂರನೇ ಪಾಲಂತ. ಕೂಸು ಹಾಲು ಕುಡಿಯೋ ಬಾಟ್ಲಿಗೂ ಇದಕ್ಕಿಂತ ದೊಡ್ಡ ತೂತು ಇರ್ತೈತಿ. ನಮ್ಮ ಗದ್ದಿಗೆ ಮೂರಿಂಚು ತಗದು ನಾಕಿಂಚು ಹಾಕ್ಸಿದ್ವಿ. ನೀರು ಹೆಂಗ ಬಂದ್ವು? ಆನಿ ಸೊಂಡ್ಲಾಗಿಂದ ಬಂದಂಗ ಬಂದ್ವು. ಇದಕ್ಕ ಅರ್ಧ ಇಂಚು ಹಾಕು."

ಮಲ್ಲಣ್ಣ ಮೆಲ್ಲಗೆ, "ಗಾಡಿ ಚಲೋ ಐತ್ರಿ ಸಾಹುಕಾರ್ರ. ಏರಿನ್ಯಾಗ ಗೇರ್ ಇಳಿಸಾಕ ಬಿಡ್ರಿ, ಹತ್ತತೈತಿ. ಗೇರ್ ಇಳಿಸಿದ್ರ ಪೆಟ್ರೋಲ್ ಸುಡ್ತೈತಿ ಅಂತ ನೀವಾ ಬ್ಯಾಡ ಅಂತೀರಿ," ಎಂದ.

"ನೀ ಸ್ಟೇರಿಂಗ್ ಹಿಡಿ. ಪೈಪಿನ ವಿಷ್ಯ ಓದಿದೋರಿಗೆ ಬಿಡು."

ಓದಿದವರು ಅಂದರೆ ನಾನು. ಅದುವರೆಗೆ ನನ್ನನ್ನು ಯಾರೂ ಹಾಗೆ ಕರೆದಿರಲಿಲ್ಲ. ಚಾಚಾ ಆ ವಾರ ಮದುವೆಗೆ ಅಂತ ಗುಂತಕಲ್ಲಿಗೆ ಹೋಗಿದ್ದರು, ಕೇಳುವವರಿರಲಿಲ್ಲ. ಗಡ್ಡದವನು ರೇಸ್ ಕಾರಿಗೆ ಅರ್ಧ ಇಂಚಿನ ಪೈಪೇ ಹಾಕಿದ್ದು ನೆನಪಿತ್ತು. ಆ ಕಾರಿನ ಇಂಜಿನ್ ಈ ಜೀಪಿನದಕ್ಕಿಂತ ಏಳೆಂಟು ಪಟ್ಟು ದೊಡ್ಡದು ಅನ್ನುವುದು ನೆನಪಿಗೆ ಬರಲಿಲ್ಲ. "ಹಾಕೋಣ್ರಿ ಸಾಹುಕಾರ್ರ, ಹನ್ನೆರಡು ಎಂಎಂ, ಬರಾಬರ್ ಆಗ್ತೈತಿ," ಅಂದೆ.

ಈಗ ಗಮನವಿಟ್ಟು ಓದಿ. ಒಂದೇ ಮಧ್ಯಾಹ್ನದಲ್ಲಿ ನಾನು ಮೂರು ತಪ್ಪು ಮಾಡಿದೆ. ದಪ್ಪ ಪೈಪು ಚಾಸಿಯ ಹಳೆಯ ಕ್ಲಿಪ್ಪುಗಳಲ್ಲಿ ಕೂರಲಿಲ್ಲ. ಹಾಗಾಗಿ ಅದನ್ನು ಸೈಲೆನ್ಸರ್ ಪಕ್ಕದಿಂದ ಎಳೆದು ತಂದೆ. ಪಂಪಿನ ಬಾಯಿ ಎಂಟರದ್ದೇ. ಹನ್ನೆರಡರ ಪೈಪನ್ನು ಅದಕ್ಕೆ ಕೂಡಿಸಲು ನಡುವೆ ಒಂದು ರೆಡ್ಯೂಸರ್ ಬೇಕಾಯಿತು, ಅಂದರೆ ಒಂದು ಕಡೆ ದಪ್ಪ ಬಾಯಿ, ಇನ್ನೊಂದು ಕಡೆ ಸಣ್ಣ ಬಾಯಿ ಇರುವ ಜೋಡಣೆ. ಅದನ್ನು ಪಂಪ್‌ಸೆಟ್ ಅಂಗಡಿಯಿಂದ ತಂದೆ. ಹಿತ್ತಾಳೆಯದು, ಬಂಗಾರದಂತೆ ಹೊಳೆಯುತ್ತಿತ್ತು. ಅದರೊಳಗಿನ ವಾಷರ್ ನೀರಿಗಾಗಿ ಮಾಡಿದ್ದು, ಪೆಟ್ರೋಲಿಗಲ್ಲ ಅನ್ನುವುದು ಹೊಳೆಯಲಿಲ್ಲ. ಅದೆಲ್ಲಕ್ಕಿಂತ ದೊಡ್ಡದು, ಎಂಟರ ಬಾಯಿಗೆ ಎಷ್ಟೇ ದಪ್ಪದ ಪೈಪು ಜೋಡಿಸಿದರೂ ಒಳಗೆ ಹೋಗುವುದು ಎಂಟರಷ್ಟೇ ಅನ್ನುವ ಸರಳ ವಿಷಯವನ್ನು ಮರೆತದ್ದು.

ಮೊದಲೆರಡು ದಿನ ಸಾಹುಕಾರ್ರು ಜೀಪು ಹಾರುತ್ತದೆ ಅಂತ ಸಿರುಗುಪ್ಪ ಪೇಟೆಯಲ್ಲೆಲ್ಲ ಹೇಳಿದರು. ಹೊಸ ಪೈಪು ಹಾಕಿಸಿದವರಿಗೆ ಎರಡು ದಿನ ಎಲ್ಲ ಗಾಡಿಯೂ ಹಾರುತ್ತದೆ. ಮೂರನೇ ದಿನ ಮಧ್ಯಾಹ್ನ ಅದು ರಸ್ತೆ ನಡುವೆ ನಿಂತಿತು. ಅರ್ಧ ತಾಸು ಬಿಟ್ಟು ಏನೂ ಆಗದವರಂತೆ ಶುರುವಾಯಿತು. ಮತ್ತೆರಡು ದಿನ ಬಿಟ್ಟು ತೆಕ್ಕಲಕೋಟೆ ಹತ್ತಿರ ನಿಂತಿತು. ಆಮೇಲೆ ಮತ್ತೊಮ್ಮೆ ಅಲ್ಲೇ. ಬೆಳಗಿನ ತಂಪಿನಲ್ಲಿ ಗ್ಯಾರೇಜಿಗೆ ತಂದರೆ ಶಾಲೆ ಹುಡುಗನಂತೆ ಶಿಸ್ತಾಗಿ ಓಡುತ್ತಿತ್ತು. ಅದರ ಜೊತೆಗೆ ಟ್ಯಾಂಕಿನಲ್ಲಿ ಪೆಟ್ರೋಲ್ ಕಡಿಮೆಯಾಗತೊಡಗಿತು. ಸಾಹುಕಾರ್ರು ಸಂಜೆ ಒಂದು ಬಿದಿರು ಕಡ್ಡಿ ಇಳಿಸಿ ಗುರುತು ಮಾಡುತ್ತಿದ್ದರು, ಬೆಳಿಗ್ಗೆ ನೋಡಿದರೆ ಗುರುತಿಗಿಂತ ಎರಡು ಬೆರಳು ಕೆಳಗೆ.

ತೆಕ್ಕಲಕೋಟೆಯಲ್ಲಿ ಮಲ್ಲಣ್ಣನ ತಂಗಿಯ ಮನೆ ಇತ್ತು. ರಾತ್ರಿ ಪೆಟ್ರೋಲ್ ತೆಗೆದಿಟ್ಟು, ಗಾಡಿ ಕೆಟ್ಟ ನೆಪದಲ್ಲಿ ತಂಗಿ ಮನೆಗೆ ಮುಟ್ಟಿಸುತ್ತಾನೆ ಅನ್ನಲು ಸಾಹುಕಾರ್ರಿಗೆ ಅಷ್ಟು ಸಾಕಾಯಿತು.

ಆ ಮಾತು ನಡೆದಾಗ ನಾನು ಗಿರಣಿಯ ಅಂಗಳದಲ್ಲೇ ಇದ್ದೆ. ಜೀಪು ನೋಡಲು ಕರೆಸಿದ್ದರು. ಹಮಾಲರು ಚೀಲ ಹೊರುತ್ತಿದ್ದರು, ಭತ್ತ ಕುದಿಯುವ ವಾಸನೆ ಅಂಗಳ ತುಂಬಿತ್ತು. ಸಾಹುಕಾರ್ರು ಕಡ್ಡಿ ಎತ್ತಿ ಎಲ್ಲರಿಗೂ ಕಾಣುವಂತೆ ಹಿಡಿದರು.

"ಗಾಡಿ ದಿನಾ ತಂಗಿ ಮನಿ ಮುಂದ ನಿಲ್ತೈತಿ ಅಂದ್ರ ಗಾಡಿಗೂ ಆ ಮನಿಗೂ ಬೀಗತನ ಐತೇನೋ ಮಲ್ಲ?"

"ನಿಂತಿದ್ದು ಊರ ಹೊರಗ್ರಿ. ಮನಿ ಅಲ್ಲಿಂದ ಎರಡು ಕಿಲೋಮೀಟರ್ ಐತಿ," ಎಂದ ಮಲ್ಲಣ್ಣ.

"ಪೆಟ್ರೋಲ್ ನಡಕೊಂತ ಹೋತೇನು ಅಷ್ಟು ದೂರ?"

ಹಮಾಲರಲ್ಲಿ ಇಬ್ಬರು ನಕ್ಕರು. ನಕ್ಕವರೇನೂ ಕೆಟ್ಟವರಲ್ಲ, ಸಾಹುಕಾರ್ರು ಜೋಕು ಮಾಡಿದಾಗ ನಗುವುದು ಅಲ್ಲಿಯ ಕೆಲಸದ ಒಂದು ಭಾಗ. ಸಾಹುಕಾರ್ರು ನನ್ನ ಕಡೆ ತಿರುಗಿದರು. "ನೀ ಹೇಳಪ್ಪ ಇಂಜಿನಿಯರ್, ಪೈಪಿನ್ಯಾಗ ಏನರ ದೋಷ ಐತೇನು?"

"ಇಲ್ರಿ," ಅಂದೆ. ನೋಡದೆ ಅಂದೆ. ಎಷ್ಟು ಬೇಗ ಅಂದೆನೆಂದರೆ ಪ್ರಶ್ನೆ ಪೂರ್ತಿ ಮುಗಿದಿರಲಿಲ್ಲ. ಇಂಜಿನಿಯರ್ ಅಂತ ಕರೆಸಿಕೊಂಡ ಬಾಯಿಂದ ಬೇರೆ ಉತ್ತರ ಬರುವುದು ಕಷ್ಟ.

ಮಲ್ಲಣ್ಣ ನನ್ನನ್ನು ನೋಡಿ, ಬಾನೆಟ್ ಮೇಲೆ ಅಂಗೈ ಇಟ್ಟ.

ನಮ್ಮ ಕಡೆ ಇಂಥದ್ದಕ್ಕೆ ಪೊಲೀಸ್ ಸ್ಟೇಷನ್‌ಗಿಂತ ಮೊದಲು ದೇವರು. ಕುರುಗೋಡಿನ ದೊಡ್ಡ ಬಸವಣ್ಣನ ಮುಂದೆ ಪ್ರಮಾಣ ಮಾಡಲಿ ಅಂತ ಸಾಹುಕಾರ್ರು ತೀರ್ಪು ಕೊಟ್ಟರು. ಪ್ರಮಾಣ ಮಾಡಿದರೆ ಮುಗಿಯಿತಲ್ಲ ಅಂತ ನೀವು ಅನ್ನಬಹುದು. ಹಾಗಲ್ಲ ಅದು. ಪ್ರಮಾಣಕ್ಕೆ ಕರೆದೊಯ್ದ ಮನುಷ್ಯ ಅಂತ ಒಮ್ಮೆ ಹೆಸರು ಬಿದ್ದರೆ ಅವನು ಕದ್ದಿದ್ದನೋ ಇಲ್ಲವೋ ಯಾರೂ ನೆನಪಿಡುವುದಿಲ್ಲ, ಕರೆದೊಯ್ದದ್ದನ್ನು ನೆನಪಿಡುತ್ತಾರೆ. ಮಲ್ಲಣ್ಣನಿಗೆ ಇದು ಗೊತ್ತಿತ್ತು.

"ಬರ್ತೀನ್ರಿ. ಬಸವಣ್ಣನ ಮುಟ್ಟಿ ಹೇಳ್ತೀನಿ," ಎಂದ. "ಹೇಳಿದ ಮ್ಯಾಲೆ ಕೀಲಿ ನಿಮ್ಮ ಕೈಯಾಗ ಇಟ್ಟು ನಡಕೊಂತ ಹೋಗ್ತೀನಿ. ಮತ್ತ ಈ ಗಿರಣಿಗೆ ಬರಂಗಿಲ್ಲ."

ನನ್ನನ್ನೂ ಜೀಪಿಗೆ ಹತ್ತಿಸಿಕೊಂಡರು. ಪೈಪಿನಲ್ಲಿ ದೋಷವಿಲ್ಲ ಅಂತ ದೇವರ ಎದುರು ತಜ್ಞನ ಸಾಕ್ಷಿ ಬೇಕಿತ್ತಂತೆ. ಎಪ್ರಿಲ್ ಬಿಸಿಲು. ಮಲ್ಲಣ್ಣ ಎಂದಿನಂತೆ ಓಡಿಸುತ್ತಿದ್ದ, ಹಳ್ಳ ಬಂದಲ್ಲಿ ಸಾಹುಕಾರ್ರ ಸೊಂಟ ನೋಯದ ಹಾಗೆ ಮೆಲ್ಲಗೆ ಇಳಿಸುತ್ತಿದ್ದ. ಆ ದಿನ ಇಳಿಸಬೇಕಾದ ಅಗತ್ಯ ಅವನಿಗೆ ಇರಲಿಲ್ಲ. ಕುರುಗೋಡಿನ ಬಂಡೆ ಗುಡ್ಡಗಳು ಎದುರಿಗೆ ಕಾಣುತ್ತಿದ್ದಾಗ ಇಂಜಿನ್ ಎರಡು ಸಲ ತೇಗಿ ಆರಿಹೋಯಿತು.

"ಇಲ್ಲೂ ಯಾರರ ಬೀಗರು ಅದಾರೇನೋ?" ಎಂದು ಸಾಹುಕಾರ್ರು ಇಳಿದು ಜಾಲಿ ಮರದ ಕೆಳಗೆ ಹೋಗಿ ನಿಂತರು. ಮಲ್ಲಣ್ಣ ಸೀಟಿನಲ್ಲೇ ಕೂತ. ನಾನು ತಜ್ಞನಾದ ಕಾರಣ ಜೀಪಿನ ಕೆಳಗೆ ನುಸುಳಲೇಬೇಕಾಯಿತು.

ಬೇರೆಲ್ಲ ಸಲ ಅದು ಕೆಟ್ಟು ನಿಂತಾಗ ನಾನು ಇರಲಿಲ್ಲ. ನಾನು ನೋಡಿದಾಗಲೆಲ್ಲ ತಣ್ಣಗೆ ಗ್ಯಾರೇಜಿನ ಎಣ್ಣೆ ಮೆತ್ತಿದ ನೆಲದ ಮೇಲಿತ್ತು, ಇಲ್ಲವೇ ಗಿರಣಿಯ ಅಂಗಳದಲ್ಲಿ, ಮೊಳಕಾಲುದ್ದ ಹೊಟ್ಟಿನ ಮೇಲೆ. ಇಲ್ಲಿ ಕೆಳಗಿದ್ದದ್ದು ಸಿಮೆಂಟ್ ರಸ್ತೆ. ಹಿತ್ತಾಳೆ ರೆಡ್ಯೂಸರಿನ ಕೆಳಗೆ ಒಂದು ಹನಿ ದಪ್ಪವಾಗಿ, ತೂಗಿ, ಬಿತ್ತು. ರಸ್ತೆಯ ಮೇಲೆ ಕಪ್ಪು ಚುಕ್ಕೆಯಾಯಿತು. ನಾನು ಕಣ್ಣು ಪಿಳುಕಿಸುವುದರೊಳಗೆ ಒಣಗಿ ಮಾಯವಾಯಿತು. ಮತ್ತೊಂದು ಹನಿ, ಅದೂ ಮಾಯ. ನೀರಿನ ವಾಷರ್ ಪೆಟ್ರೋಲ್ ಕುಡಿದು ಉಬ್ಬಿ ಬಾಯಿ ಬಿಟ್ಟಿತ್ತು. ಗಾಡಿ ಓಡುವಾಗ ಪಂಪು ಆ ಸಂದಿನಿಂದ ಗಾಳಿ ಎಳೆಯುತ್ತಿತ್ತು, ನಿಂತಾಗ ಪೆಟ್ರೋಲ್ ಹೊರಗೆ ಸೋರುತ್ತಿತ್ತು. ರಾತ್ರಿಯಿಡೀ ಸೋರಿದ್ದನ್ನು ಗಿರಣಿಯ ಹೊಟ್ಟು ಕುಡಿದುಬಿಡುತ್ತಿತ್ತು, ವಾಸನೆಯನ್ನು ಕುದಿಯುವ ಭತ್ತ ಮುಚ್ಚುತ್ತಿತ್ತು. ಪೈಪು ಮುಟ್ಟಿದೆ, ಕೈ ಸುಟ್ಟಿತು. ದಪ್ಪ ಪೈಪಿನಲ್ಲಿ ಪೆಟ್ರೋಲ್ ಸಣ್ಣ ಪೈಪಿನಷ್ಟು ಜೋರಾಗಿ ಓಡುವುದಿಲ್ಲ, ನಿಧಾನ ತೆವಳುತ್ತದೆ. ಸೈಲೆನ್ಸರ್ ಪಕ್ಕ ತೆವಳುತ್ತಾ ಕಾದು ಆವಿಯಾಗುತ್ತಿತ್ತು. ಆ ಪಂಪು ಪೆಟ್ರೋಲನ್ನು ಎಳೆಯಬಲ್ಲದು, ಆವಿಯನ್ನಲ್ಲ. ಅರ್ಧ ತಾಸು ತಣ್ಣಗಾದರೆ ಮತ್ತೆ ಶುರು.

ಗೊತ್ತಾಗದೇ ಇದ್ದದ್ದು ಏನೂ ಉಳಿಯಲಿಲ್ಲ.

ನನ್ನ ಜೇಬಿನಲ್ಲಿ ಸ್ಕ್ರೂಡ್ರೈವರ್ ಇತ್ತು. ಆ ಸಂದನ್ನು ಹಿಡಿದಿದ್ದ ಕ್ಲಾಂಪು ಎರಡು ಸುತ್ತು ಬಿಗಿ ಮಾಡಿದ್ದರೆ ಸದ್ಯಕ್ಕೆ ಹನಿ ನಿಲ್ಲುತ್ತಿತ್ತು. ಯಾರಿಗೂ ತಿಳಿಯುತ್ತಿರಲಿಲ್ಲ. ಹುಡುಗರೇ, ಈ ಕಸುಬಿಗೆ ಬರುವವರಿಗೆ ಯಾವ ವಿಡಿಯೋದಲ್ಲೂ ಹೇಳದ ಒಂದು ವಿಷಯ ಇದು. ತಪ್ಪು ಮಾಡಿದವನಿಗೇ ಎಲ್ಲರಿಗಿಂತ ಮೊದಲು ತಪ್ಪು ಕಾಣುತ್ತದೆ, ಆಗ ಅವನು ಗಾಡಿಯ ಕೆಳಗೆ ಒಬ್ಬನೇ ಇರುತ್ತಾನೆ. ನಾನು ಅಲ್ಲಿಂದಲೇ ಚಾಚಾಗೆ ಫೋನ್ ಮಾಡಿ ಪಿಸುಗುಟ್ಟಿದೆ. ಅವರು ಪೂರ್ತಿ ಕೇಳಿ, "ಪೈಪ್ ಬದ್ಲಿ ಮಾಡು. ಮಾತು ಬದ್ಲಿ ಮಾಡಬ್ಯಾಡ," ಅಂತ ಇಟ್ಟುಬಿಟ್ಟರು.

ಹೊರಗೆ ಬಂದೆ. "ಸಾಹುಕಾರ್ರ, ಮಲ್ಲಣ್ಣ ಕದ್ದಿಲ್ರಿ. ತಪ್ಪು ನಂದು," ಅಂದೆ. ಇಬ್ಬರನ್ನೂ ಕೂರಿಸಿ ಹನಿ ತೋರಿಸಿದೆ. ಸಾಹುಕಾರ್ರು ಬಗ್ಗಿ ನಾಲ್ಕು ಹನಿ ಬಿದ್ದು ಒಣಗುವುದನ್ನು ನೋಡಿದರು. ಅವರಿಗೆ ಸೋರುವುದು ಅರ್ಥವಾಯಿತು, ಪೈಪಿನ ಮೇಲಿನ ಭಕ್ತಿ ಮಾತ್ರ ಹೋಗಲಿಲ್ಲ.

"ವಾಷರ್ ಕೆಟ್ಟಿದ್ದು ಸರಿ. ಆದ್ರ ದಪ್ಪ ಪೈಪ್ ತಪ್ಪು ಅನ್ನಬ್ಯಾಡ. ಗದ್ದಿಗೆ ನಾಕಿಂಚು ಹಾಕಿದ ಮ್ಯಾಲೆ ನೀರು ಹೆಚ್ಚಿಗಿ ಬಂದ್ವೋ ಇಲ್ಲೋ?"

ಅದಕ್ಕೆ ಉತ್ತರ ಮಲ್ಲಣ್ಣ ಹೇಳಿದ. "ಅವತ್ತಾ ಮೋಟರೂ ಬದ್ಲಿ ಮಾಡ್ಸಿದ್ರಿ ಸಾಹುಕಾರ್ರ. ಐದು ಎಚ್‌ಪಿ ತಗದು ಏಳೂವರಿ ಕೂಡ್ಸಿದ್ರಿ. ಅದನ್ನ ಬಳ್ಳಾರಿಯಿಂದ ತಂದಾವ ನಾನಾ, ಇದಾ ಜೀಪಿನ್ಯಾಗ. ನೀರು ತಂದಿದ್ದು ಮೋಟರ್ರಿ."

ಸಾಹುಕಾರ್ರು ಜಾಲಿ ಮರದ ಕಡೆ ತಿರುಗಿದರು. ಅಷ್ಟು ವರ್ಷ ಎಷ್ಟು ಜನಕ್ಕೆ ನಾಲ್ಕಿಂಚಿನ ಉಪದೇಶ ಮಾಡಿದ್ದರೋ, ಅವರೆಲ್ಲ ಆ ಮರದಲ್ಲಿ ಸಾಲಾಗಿ ಕೂತು ತಮ್ಮನ್ನೇ ನೋಡುತ್ತಿದ್ದಂತೆ ಅವರಿಗೆ ಕಂಡಿರಬೇಕು. ಆಮೇಲೆ ತುಂಬ ದೊಡ್ಡ ಮನಸ್ಸಿನಿಂದ ನನ್ನನ್ನು ಕ್ಷಮಿಸಿದರು. "ಆತು ಬಿಡು, ಕಲಿಯೋ ಹುಡುಗ. ಮಲ್ಲ, ಪ್ರಮಾಣ ಬ್ಯಾಡ. ಇದು ಇಲ್ಲೇ ಮುಗೀತು. ಗಿರಣ್ಯಾಗ ಯಾರೂ ಬಾಯಿ ಬಿಡಬ್ಯಾಡ್ರಿ."

"ಕಳ್ಳ ಅಂದಿದ್ದು ಗಿರಣ್ಯಾಗ್ರಿ," ಎಂದ ಮಲ್ಲಣ್ಣ. "ಅಲ್ಲ ಅನ್ನೋದು ಇಲ್ಲಿ ಜಾಲಿ ಗಿಡಕ್ಕ ಹೇಳಿದ್ರ ನಡೆಯಂಗಿಲ್ಲ. ನೀವು ಬ್ಯಾಡ ಅಂದ್ರ ಬಸವಣ್ಣ ಅಲ್ಲೇ ಅದಾನ, ನಾ ಪ್ರಮಾಣ ಮಾಡಿ ನಡಕೊಂತ ಹೋಗ್ತೀನಿ."

ಅವನು ದನಿ ಎತ್ತಲಿಲ್ಲ. ಸಾಹುಕಾರ್ರಿಗೆ ಜೀಪು ಓಡಿಸಲು ಬರುತ್ತಿರಲಿಲ್ಲ, ನನ್ನ ಕೈಗೆ ಸ್ಟೇರಿಂಗ್ ಕೊಡುವ ಧೈರ್ಯ ಉಳಿದಿರಲಿಲ್ಲ, ಗುಡ್ಡದ ಮೇಲಿನ ಬಿಸಿಲು ಇನ್ನೂ ಏರುತ್ತಿತ್ತು. "ಆತು, ಗಿರಣ್ಯಾಗಾ ಹೇಳೋಣ ನಡೀರಿ," ಎಂದರು. ಧರ್ಮ, ನ್ಯಾಯ ಇವುಗಳ ಜೊತೆಗೆ ಈ ಮೂರು ಸಂಗತಿಗಳೂ ಮನುಷ್ಯನ ಮನಸ್ಸನ್ನು ತಿದ್ದುತ್ತವೆ ಅಂತ ನಾನು ಆ ದಿನ ಕಂಡುಕೊಂಡೆ.

ಜೀಪು ನೋಡಲು ಅಂತ ತಂದಿದ್ದ ನನ್ನ ಸಾಮಾನಿನ ಚೀಲದಲ್ಲಿ ಎಂಟರ ಪೈಪೂ ಇತ್ತು. ಪೆಟ್ರೋಲಿಗಾಗಿಯೇ ಮಾಡಿದ್ದು, ಈಗಿನ ಎಥನಾಲ್ ಬೆರೆಸಿದ ಪೆಟ್ರೋಲನ್ನೂ ತಾಳುವಂಥದ್ದು. ಹಳೆಯ ಗಾಡಿ ಕೊಂಡವರು ಸೈಜಿಗಿಂತ ಮೊದಲು ಇದನ್ನು ನೋಡಿ. ಹಳೆಯ ರಬ್ಬರನ್ನು ಆ ಪೆಟ್ರೋಲ್ ಒಳಗಿಂದಲೇ ತಿನ್ನುತ್ತದೆ. ಹಳೆಯ ಕ್ಲಿಪ್ಪುಗಳಲ್ಲಿ, ಸೈಲೆನ್ಸರಿನಿಂದ ದೂರ, ಪೈಪನ್ನು ಕೂರಿಸಿದೆ. ಸಿರುಗುಪ್ಪದವರೆಗೆ ಜೀಪು ಒಮ್ಮೆಯೂ ಕೆಮ್ಮಲಿಲ್ಲ. ಒಂದು ಏರಿನಲ್ಲಿ ಮಲ್ಲಣ್ಣ ಗೇರ್ ಇಳಿಸಿದ. ಸಾಹುಕಾರ್ರು ನೋಡಿಯೂ ನೋಡದಂತಿದ್ದರು.

ಗಿರಣಿಯಲ್ಲಿ ಹಮಾಲರು, ಬಾಯ್ಲರ್ ನೋಡುವವನು, ತೂಕದವನು ಎಲ್ಲ ಸೇರಿದರು. ಪ್ರಮಾಣ ಏನಾಯಿತು ಅಂತ ತಿಳಿಯುವ ಆತುರ. ನಾನು ದಪ್ಪ ಪೈಪು ಎತ್ತಿ ಹಿಡಿದೆ. "ಈ ಪೈಪ್ ಹಾಕಿದಾವ ನಾನು. ಇದಾ ಸೋರಿದ್ದು. ಮಲ್ಲಣ್ಣ ಒಂದು ಹನಿ ಮುಟ್ಟಿಲ್ಲ. ಅವತ್ತು ದೋಷ ಇಲ್ಲ ಅಂದೆ, ನೋಡದ ಅಂದೆ," ಎಂದೆ. ಒಂದು ಚೆಂಬು ನೀರನ್ನು ಪೈಪಿಗೆ ಸುರಿದೆ. ರೆಡ್ಯೂಸರಿನ ಸಣ್ಣ ಬಾಯಿಂದ ಸಣ್ಣ ಧಾರೆ ಬಂತು, ಉಳಿದದ್ದು ಸಂದಿನಿಂದ ನನ್ನ ಚಪ್ಪಲಿ ಮೇಲೆ ಬಿತ್ತು. ನೀರಿಗಾಗಿ ಮಾಡಿದ ವಾಷರ್ ನೀರನ್ನೂ ಹಿಡಿಯದಷ್ಟು ಉಬ್ಬಿತ್ತು. ಈ ಸಲ ಎಲ್ಲರೂ ನಕ್ಕರು, ನನ್ನನ್ನು ನೋಡಿ. ಅದು ಸರಿಯೇ ಇತ್ತು.

ಹಮಾಲರಲ್ಲಿ ಹಿರಿಯ ಒಬ್ಬ ಕೇಳಿದ, "ಇಂಥಾ ಪೈಪ್ ಹಾಕು ಅಂತ ನಿನಗ ಯಾರು ಹೇಳಿದ್ರೋ ತಮ್ಮಾ?"

ನಾನು ಬಾಯಿ ತೆರೆದೆ. ಮಲ್ಲಣ್ಣ ಕೈ ಅಡ್ಡ ಹಿಡಿದ. ಅವನು ನೋಡುತ್ತಿದ್ದದ್ದು ಸಾಹುಕಾರ್ರನ್ನು. ಬಾಯ್ಲರ್ ಬುಸುಗುಡುತ್ತಿತ್ತು. ಸಾಹುಕಾರ್ರು ಹೆಗಲ ಮೇಲಿನ ಟವೆಲ್ ತೆಗೆದು ಮುಖ ಒರೆಸಿಕೊಂಡರು, ಮತ್ತೆ ಒರೆಸಿಕೊಂಡರು.

"ನಾನಾ ಹೇಳಿದ್ದು," ಎಂದರು, ಟವೆಲಿನೊಳಗೆ. "ಮಲ್ಲನ ಮ್ಯಾಲೆ ಸುಳ್ಳಾ ಅಂದೆ."

ಹಿಂದೆ ನಿಂತಿದ್ದ ಹಮಾಲನೊಬ್ಬ, ಬೇಕಂತಲೇ ಇರಬೇಕು, "ಕೇಳಿಸ್ಲಿಲ್ರಿ ಸಾಹುಕಾರ್ರ, ಬಾಯ್ಲರ್ ಸದ್ದು ಭಾಳ ಐತಿ," ಎಂದ.

ಸಾಹುಕಾರ್ರ ಮುಖ ಟವೆಲಿನಿಂದ ಹೊರಗೆ ಬರಲಿಲ್ಲ. ಮಲ್ಲಣ್ಣ ಆ ಹಮಾಲನ ಕಡೆ ತಿರುಗಿದ.

"ನನಗ ಕೇಳಿಸ್ತು," ಎಂದ. ಕೀಲಿಯನ್ನು ತನ್ನ ಜೇಬಿಗೆ ಹಾಕಿಕೊಂಡ.